ಲೇಸ್ ಕಟ್ಟಿದ ಮಧ್ಯಾಹ್ನ

ಪ್ಯೋ ಮಾನ್‌ಗಿಲ್ ಮೇಸ್ತ್ರಿಯವರ ಕಾಲಲ್ಲಿ ಲೇಸ್ ಇರುವ ಬೂಟನ್ನು ನಮ್ಮ ಓಣಿಯವರು ಕಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಬಡತನವೆಂದೋ ಕಾಲು ನೋವೆಂದೋ ಅಲ್ಲ. ಅವರ ಮರ್ಯಾದೆಯೆಲ್ಲ ಆ ಲೇಸಿಲ್ಲದ ಬೂಟಿನಲ್ಲೇ ಇತ್ತು.

ನೆಲದ ಮೇಲೆ ಕೂತು ಉಣ್ಣುವ ಊಟದಂಗಡಿಗಳಲ್ಲಿ ಬೂಟನ್ನು ಕಟ್ಟೆಯ ಕೆಳಗೆ ಬಿಟ್ಟು ಮೇಲೆ ಹತ್ತಬೇಕು. ಉಂಡು ಎದ್ದ ಮೇಲೆ ಇಡೀ ಪಂಕ್ತಿಯ ಬಿಲ್ಲನ್ನು ಒಬ್ಬನೇ ಕೊಡುತ್ತಾನೆ. ತಲೆಗಿಷ್ಟು ಎಂದು ಪಾಲು ಹಾಕುವುದು ಈಗಿನ ಹುಡುಗರ ರೀತಿ. ಮೇಸ್ತ್ರಿಯ ವಯಸ್ಸಿನವರಿಗೆ ಹಾಗಂದರೇ ಮೈ ಮುದುಡುತ್ತದೆ. ಕೊಡಲು ಮನಸ್ಸಿಲ್ಲದವನು ಮಾಡುವುದು ಒಂದೇ ಕೆಲಸ. ಕಟ್ಟೆಯ ಮೇಲೆ ಕುಕ್ಕರಿಸಿ ಬೂಟಿನ ಲೇಸನ್ನು ಬಿಚ್ಚುತ್ತಾನೆ, ಎಳೆಯುತ್ತಾನೆ, ಮತ್ತೆ ಕಟ್ಟುತ್ತಾನೆ. ಅವನ ಗಂಟು ಮುಗಿಯುವ ಹೊತ್ತಿಗೆ ಇನ್ಯಾರೋ ಗಲ್ಲಾಪೆಟ್ಟಿಗೆಯ ಮುಂದೆ ನಿಂತಿರುತ್ತಾರೆ. ಅಂಥವನ ಬೆನ್ನ ಹಿಂದೆ ಊರೆಲ್ಲ ನಗುತ್ತದೆ.

ಮೇಸ್ತ್ರಿ ಎಂದೂ ಆ ನಗೆಗೆ ಸಿಕ್ಕಿದವರಲ್ಲ. ಪ್ಲೈವುಡ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದು ನಿವೃತ್ತರಾದ ಮೇಲೂ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹಳೆಯ ಕೈಕೆಳಗಿನವರು ಐದಾರು ಜನ ಅವರ ಜೊತೆ ಊಟಕ್ಕೆ ಸೇರುತ್ತಿದ್ದರು. ಬಂದರಿನ ಹಿಂದಿನ ಬೀದಿಯಲ್ಲಿ ಮೊಳಕೆಕಾಳಿನ ಸಾರು ಬಡಿಸುವ ಅಂಗಡಿ. ಅದರ ಯಜಮಾನಿಯನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುವುದು. ಊಟ ಮುಗಿಯುತ್ತಿದ್ದ ಹಾಗೆ ಮೇಸ್ತ್ರಿ ಎರಡೂ ಪಾದಗಳನ್ನು ಜಾರು ಬೂಟಿಗೆ ತೂರಿಸಿ, ಉಳಿದವರು ಹಿಮ್ಮಡಿ ಹುಡುಕುವಷ್ಟರಲ್ಲಿ ಕ್ರೆಡಿಟ್ ಕಾರ್ಡು ಚಾಚಿರುತ್ತಿದ್ದರು. ಆಮೇಲೆ ಬೀದಿಯಲ್ಲಿ ಎಲ್ಲರೂ ಸಾಲಾಗಿ ನಿಂತು ತಲೆ ಬಾಗಿಸಿ, "ಚೆನ್ನಾಗಿ ಉಂಡ್ವಿ ಮೇಸ್ತ್ರಿ" ಅನ್ನುವರು. ಮೇಸ್ತ್ರಿ ಕೈ ಬೀಸಿ, "ಅಷ್ಟಕ್ಕೆಲ್ಲ ಯಾಕೆ? ದಾರಿ ನೋಡ್ಕೊಂಡು ಹೋಗಿ" ಅನ್ನುವರು. ಆ ಎರಡು ಮಾತಿಗಾಗಿ ಅವರು ತಿಂಗಳಿಡೀ ಕಾಯುತ್ತಿದ್ದರೆಂದು ಅವರ ಹೆಂಡತಿ ಸೂನಿಮ್ ಹೇಳುತ್ತಿದ್ದಳು. ಸೂನಿಮ್ ನನ್ನ ವಾರಗೆಯವಳು. ಗುಡ್ಡದ ಮೇಲಿನ ಬುದ್ಧನ ಗುಡಿಗೆ ಬೆಳಗಿನ ಪೂಜೆಗೆ ಇಬ್ಬರೂ ಜೊತೆಯಾಗಿಯೇ ಮೆಟ್ಟಿಲು ಹತ್ತುವವರು. ಆ ಮನೆಯ ಕಥೆ ನನಗೆ ಗೊತ್ತಾದದ್ದು ಆ ಮೆಟ್ಟಿಲುಗಳ ಮೇಲೆಯೇ.

ಮಾರ್ಚ್ ತಿಂಗಳ ಶನಿವಾರ ಚಿಕ್ಕಮ್ಮನ ಯಂತ್ರದಲ್ಲಿ ಕಾರ್ಡು ಹೋಗಲಿಲ್ಲ. ಮೇಸ್ತ್ರಿ ಎರಡನೆಯದನ್ನು ಕೊಟ್ಟರು. ಅದೂ ಹೋಗಲಿಲ್ಲ. ಹಿಂದೆ ನಿಂತವರೆಲ್ಲ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಚಿಕ್ಕಮ್ಮ ಯಂತ್ರದ ತಲೆಗೆ ಒಂದು ಏಟು ಹಾಕಿ, ಬೆಳಗ್ಗೆಯಿಂದ ಇದು ಹೀಗೇ ಕಾಟ ಕೊಡುತ್ತಿದೆ, ನಾಳೆ ಕೊಡಿ ಎಂದು ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಆಡಿದ ಸುಳ್ಳು ಬಯಲಾಗಬಾರದೆಂದು ಸಂಜೆಯವರೆಗೆ ಬಂದವರಿಂದೆಲ್ಲ ನಗದನ್ನೇ ಕೇಳಿದಳಂತೆ, ನಗದಿಲ್ಲದ ಎರಡು ಪಂಕ್ತಿಯವರನ್ನು ಕೈಮುಗಿದು ಬೇರೆ ಅಂಗಡಿಗೆ ಕಳಿಸಿದಳಂತೆ.

ಮರುದಿನ ಮೇಸ್ತ್ರಿ ಸೂನಿಮ್‌ಳ ಹತ್ತಿರ ನಗದು ಕೇಳಿದರು. ಮದುವೆಯಾದ ಮೇಲೆ ಅದೇ ಮೊದಲು. ಸೂನಿಮ್ ಮೂಲಂಗಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು, ಯಾಕೆ ಎಂದು ಕೇಳದೆ, "ಎಷ್ಟು ದಿನದಿಂದ?" ಎಂದಷ್ಟೇ ಕೇಳಿದಳು. ಮೇಸ್ತ್ರಿ ಅಡುಗೆಮನೆಯ ನೆಲದ ಮೇಲೆ ಕೂತರು.

ಮನೆಯಲ್ಲಿ ನಾಲ್ಕು ಜನ. ಮಗ ಜೆಗ್ವಾನ್ ಮೋಟಾರು ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸಗಾರ. ಸೊಸೆ ಉನ್‌ಹ್ವಾ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವವಳು. ಬಾಡಿಗೆ ಉಳಿಸಿ ಸ್ವಂತ ಗೂಡು ಮಾಡಿಕೊಳ್ಳೋಣವೆಂದು ಇಬ್ಬರೂ ಅಪ್ಪ ಅಮ್ಮನ ಜೊತೆ ಬಂದು ನೆಲೆಸಿದ್ದರು. ಆ ರಾತ್ರಿಯ ಊಟಕ್ಕೆ ಸೂನಿಮ್ ಬೇಕೆಂದೇ ಒಳ್ಳೆಯ ಸಾರು ಮಾಡಿದ್ದಳು. ಹೊಟ್ಟೆ ತುಂಬಿದ ಮೇಲೆ ವಿಷಯ ಎತ್ತಿದರೆ ಮಾತು ಮೆತ್ತಗಾಗುತ್ತದೆ ಎಂಬುದು ಅವಳ ಲೆಕ್ಕ. ಅದು ತಪ್ಪಿತು. ಮೂರು ಕಾರ್ಡುಗಳಲ್ಲಿ ಸೇರಿ ಬಾಕಿ ಒಂದು ಕೋಟಿ ನಲವತ್ತು ಲಕ್ಷ ವಾನ್. ಜೆಗ್ವಾನ್‌ನ ಐದು ತಿಂಗಳ ಸಂಬಳ.

ತಿಂಗಳಿಗೊಂದು ಊಟದಿಂದ ಅಷ್ಟಾಗುವುದು ಹೇಗೆಂದು ಮಗ ಕೇಳಿದ. ಊಟ ಒಂದೇ ಅಲ್ಲ. ಹಳೆಯ ಕೆಲಸಗಾರರ ಮಕ್ಕಳ ಮದುವೆಯ ಮುಯ್ಯಿ ಲಕೋಟೆ, ಅವರ ಅಪ್ಪ ಅಮ್ಮಂದಿರ ಸಾವಿನ ಮನೆಯ ಲಕೋಟೆ, ಹಬ್ಬಕ್ಕೆ ಒಣಮೀನಿನ ಪೆಟ್ಟಿಗೆಗಳು. ಲಕೋಟೆಗೆ ನಗದು ಬೇಕಾದಾಗ ಕಾರ್ಡಿನಿಂದಲೇ ತೆಗೆದಿದ್ದರು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು.

"ಕಾರ್ಡಿನ ಕಂಪನಿಯವರೇ ಫೋನ್ ಮಾಡಿದ್ರು," ಎಂದರು ಮೇಸ್ತ್ರಿ. "ನೀವು ನಮ್ಮ ಒಳ್ಳೇ ಗ್ರಾಹಕರು, ಈ ತಿಂಗಳು ಹತ್ತರಲ್ಲೊಂದು ಪಾಲು ಕಟ್ಟಿದ್ರೆ ಸಾಕು, ಮಿಕ್ಕಿದ್ದನ್ನ ಮುಂದಕ್ಕೆ ಹಾಕ್ತೀವಿ ಅಂದ್ರು. ಆ ಹುಡುಗಿ ಎಷ್ಟು ಮರ್ಯಾದೆಯಾಗಿ ಮಾತಾಡಿದ್ಲು ಗೊತ್ತಾ."

"ಮುಂದಕ್ಕೆ ಹಾಕಿದ್ದಕ್ಕೆ ಬಡ್ಡಿ ಎಷ್ಟು ಅಂತ ಕೇಳಿದ್ರಾ ಅಪ್ಪ?"

"ಮರ್ಯಾದೆ ಕೊಟ್ಟೋರ ಹತ್ರ ಬಡ್ಡಿ ಕೇಳೋಕಾಗುತ್ತೇನೋ?"

ಜೆಗ್ವಾನ್ ಚಮಚ ಕೆಳಗಿಟ್ಟ. ವರ್ಷಕ್ಕೆ ಐದರಲ್ಲೊಂದು ಪಾಲಿಗೆ ಹತ್ತಿರದ ಬಡ್ಡಿ, ಎರಡು ವರ್ಷದಿಂದ. ಅಪ್ಪ ತಿಂಗಳು ತಿಂಗಳು ಕಟ್ಟಿದ್ದೆಲ್ಲ ಬಡ್ಡಿಯ ಬಾಯಿಗೇ ಹೋಗಿತ್ತು. ಅವನ ಧ್ವನಿ ಏರಿತು. ಊರಿಗೆಲ್ಲ ದೊಡ್ಡಪ್ಪನಾಗಲು ಹೊರಟವರು ಮನೆಯವರ ಮುಖ ನೋಡಬೇಡವೇ, ನಮ್ಮ ಮನೆಯ ಆಸೆ ಇನ್ನು ಎಷ್ಟು ವರ್ಷ ಮುಂದಕ್ಕೆ ಹೋಗಬೇಕು ಎಂದು ಕೇಳಿದ. 

ಉತ್ತರ ಕೊಟ್ಟವಳು ಉನ್‌ಹ್ವಾ. "ಅಂಗಳದ ಶೆಡ್ಡಲ್ಲಿರೋ ಗುಡಾರ ಯಾರದ್ದು ರೀ? ಎರಡು ಸಲ ಕಾಡಿಗೆ ಹೋಗಿದ್ದಕ್ಕೆ ಇನ್ನೂ ಕಂತು ಕಟ್ತಿದ್ದೀವಿ. ಟೀವಿ ನೋಡಿ ನಾನು ತರಿಸಿದ, ಬಿಸಿಗಾಳೀಲಿ ಹುರಿಯೋ ಆ ಗಾಳಿ ಒಲೆ, ಅದರಲ್ಲಿ ಈಗ ಈರುಳ್ಳಿ ಇಟ್ಟಿದ್ದೀನಿ. ಮಾವ ಬೇರೆಯವರಿಗೆ ಉಣಿಸಿ ಕೆಟ್ರು. ನಾವು ಯಾರಿಗೂ ಉಣಿಸದೇ ಕೆಟ್ವಿ."

ಅದಾದ ಮೇಲೆ ಯಾರೂ ಧ್ವನಿ ಏರಿಸಲಿಲ್ಲ. ಉನ್‌ಹ್ವಾಗೆ ಮುನ್ನೂರು ತಟ್ಟೆಗಳನ್ನು ಹೊತ್ತಿಗೆ ಸರಿಯಾಗಿ ತುಂಬಿಸುವ ಅಭ್ಯಾಸ. ಏನು ಮೊದಲು, ಏನು ಆಮೇಲೆ ಎಂಬುದನ್ನು ಅಲ್ಲೇ ತೀರ್ಮಾನಿಸಿದಳು. ಗೋದಾಮಿನ ಸಹಕಾರ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ತೆಗೆದು ಕಾರ್ಡಿನ ದುಬಾರಿ ಬಾಕಿಯನ್ನು ಮೊದಲು ಕೊಲ್ಲುವುದು. ಸಂಘಕ್ಕೆ ತಿಂಗಳು ತಿಂಗಳು ಕಟ್ಟುವುದು. ಗುಡಾರವನ್ನೂ ಗಾಳಿ ಒಲೆಯನ್ನೂ ಮಾರುವುದು. ತೀರುವವರೆಗೆ ನಾಲ್ವರಲ್ಲಿ ಯಾರೂ ಕಾರ್ಡು ಮುಟ್ಟಬಾರದು. ಕೈಯಲ್ಲಿ ನೋಟಿದ್ದರೆ ಖರ್ಚು, ಇಲ್ಲದಿದ್ದರೆ ಇಲ್ಲ. ಒಬ್ಬರು ಜಾರಿದರೂ ಸಂಘದ ಸಾಲ, ಕಾರ್ಡಿನ ಸಾಲ ಎರಡೂ ಹೆಗಲ ಮೇಲೆ ಬೀಳುತ್ತವೆ, ಆಮೇಲೆ ಏಳಲಾಗದು ಎಂದಳು.

ಸೂನಿಮ್ ಹುಳಿ ಬಂದ ಎಲೆಕೋಸಿನ ಕಿಮ್ಚಿ ಕತ್ತರಿಸುವ ಕತ್ತರಿಯನ್ನು ತೊಳೆದು, ಒರೆಸಿ, ಊಟದ ಮಣೆಯ ಮೇಲಿಟ್ಟಳು. ಜೆಗ್ವಾನ್ ತನ್ನ ಕಾರ್ಡು ಕತ್ತರಿಸಿದ. ಉನ್‌ಹ್ವಾ ತನ್ನದನ್ನು. ಮೇಸ್ತ್ರಿ ಎರಡು ಕತ್ತರಿಸಿದರು. ಮೂರನೆಯದು ಎಲ್ಲಿ ಎಂದಾಗ ಎಲ್ಲೋ ಬಿದ್ದುಹೋಯಿತು ಎಂದರು. ಅವರು ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ, ಆದ್ದರಿಂದ ಎಲ್ಲರೂ ನಂಬಿದರು.

ಸಾಲ ತೀರಿಸುವ ಮನೆಯ ಅಡುಗೆಗೆ ಬೇರೆಯೇ ವಾಸನೆ. ಆ ವಸಂತದಲ್ಲಿ ಅವರ ಮನೆಯ ಕಿಟಕಿಯಿಂದ ಮಾಂಸ ಸುಡುವ ಹೊಗೆ ಬರಲಿಲ್ಲ. ಒಣಗಿಸಿಟ್ಟ ಮೂಲಂಗಿ ಸೊಪ್ಪನ್ನು ಸೋಯಾ ಹುದುಗಿನಲ್ಲಿ ಕುದಿಸುವ ವಾಸನೆ, ಬಾರ್ಲಿ ಬೆರೆಸಿದ ಅನ್ನದ ವಾಸನೆ ಬರುತ್ತಿತ್ತು. ಕಾಫಿಯ ಬದಲು ಹುರಿದ ಬಾರ್ಲಿಯ ನೀರು. ಜೆಗ್ವಾನ್ ಬಸ್ಸು ಬಿಟ್ಟು ಹಳೆಯ ಸೈಕಲ್ ಹತ್ತಿದ. ಮೊದಲ ವಾರ ಉಸ್ಸೆಂದು ಬೈಯುತ್ತಾ ಬಂದವನು ಮೂರನೆಯ ವಾರಕ್ಕೆ ತನ್ನ ಸೊಂಟದ ಬೆಲ್ಟು ಒಂದು ತೂತು ಒಳಗೆ ಹೋಯಿತೆಂದು ಹೆಂಡತಿಗೆ ತೋರಿಸಿದ. "ಸಾಲ ಕರಗೋಕೆ ಮುಂಚೆ ನೀವೇ ಕರಗಿಬಿಡಬೇಡಿ" ಎಂದಳು ಅವಳು.

ಸೂನಿಮ್ ಪ್ರತಿ ವರ್ಷ ಬುದ್ಧ ಹುಟ್ಟಿದ ದಿನಕ್ಕೆ ಗುಡಿಯ ಅಂಗಳದಲ್ಲಿ ಮನೆಯ ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಾಗದದ ದೀಪ ಕಟ್ಟಿಸುತ್ತಿದ್ದಳು. ಆ ಸಲ ಒಂದೇ ಕಟ್ಟಿಸಿದಳು. ಕೆಳಗೆ ನೇತಾಡುವ ಚೀಟಿಯಲ್ಲಿ ನಾಲ್ಕು ಹೆಸರು ಹಿಡಿಸದೆ ಅಕ್ಷರಗಳು ಇರುವೆ ಸಾಲಿನಂತಿದ್ದವು. ಮಳೆಗಾಳಿ ಬೀಸಿದಾಗ ಸಾಲು ದೀಪಗಳೆಲ್ಲ ಒಂದಕ್ಕೊಂದು ಬಡಿಯುತ್ತಿದ್ದವು, ಅವಳದು ಅಂಚಿನಲ್ಲಿ ತನ್ನ ಪಾಡಿಗೆ ತೂಗುತ್ತಿತ್ತು. "ಬೆಳಕಿಗೆ ಹೆಸರು ಓದೋಕೆ ಬರುತ್ತೆ ಕಣೆ," ಎಂದಳು ನನಗೆ. ಆ ಮಾತನ್ನು ನಾನು ಈಗಲೂ ಮೆಟ್ಟಿಲು ಹತ್ತುವಾಗ ನೆನೆಯುತ್ತೇನೆ.

ಮೇಸ್ತ್ರಿಗೆ ಮನೆಯಲ್ಲಿ ಕೆಲಸ ಬೇಕಿತ್ತು. ಸೂನಿಮ್ ಅಟ್ಟದಿಂದ ತಳದಲ್ಲಿ ತೂತುಗಳಿರುವ ಮಣ್ಣಿನ ಗುಡಾಣವನ್ನು ಇಳಿಸಿದಳು. ಅದರಲ್ಲಿ ನೆನೆಸಿದ ಸೋಯಾ ಕಾಳು ಹರವಿ, ಕಪ್ಪು ಬಟ್ಟೆ ಹೊದಿಸಿ, ಹೊತ್ತು ಹೊತ್ತಿಗೆ ನೀರು ಸುರಿಯಬೇಕು. ಮೊದಲ ದಿನ ಮೇಸ್ತ್ರಿ ಗೊಣಗಿದರು. "ಇದೇನೇ ಇದು, ಸುರಿದಿದ್ದೆಲ್ಲ ಕೆಳಗೆ ಹೋಗುತ್ತೆ."

"ನಿಮ್ಮ ಕಾರ್ಡಿಗೆ ಸುರಿದಿದ್ದೂ ಹೀಗೇ ಹೋಯ್ತು," ಎಂದಳು ಸೂನಿಮ್. "ಇದರಲ್ಲಾದ್ರೆ ಮೇಲೆ ಏನಾದ್ರೂ ಉಳಿಯುತ್ತೆ, ನೋಡ್ತಿರಿ ಮುದುಕರೇ."

ಉಳಿಯಿತು. ವಾರದೊಳಗೆ ಬಟ್ಟೆಯನ್ನು ತಲೆಯಿಂದ ಎತ್ತಿ ಹಿಡಿದು ಹಳದಿ ಮೊಳಕೆಗಳು ಒತ್ತೊತ್ತಾಗಿ ನಿಂತವು. ಮೇಸ್ತ್ರಿ ಒಂದು ಹಿಡಿ ಕಿತ್ತು ಬೇರು ಸವರಿ, ಕಾರ್ಖಾನೆಯಲ್ಲಿ ಹಲಗೆಯ ಪದರ ನೋಡುತ್ತಿದ್ದ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಮರುದಿನ ಒಂದು ಬುಟ್ಟಿ ತುಂಬಿಸಿಕೊಂಡು ಸಾರಿನಂಗಡಿಗೆ ಹೋದರು. ಮಾರ್ಚ್ ತಿಂಗಳ ಊಟದ ಬಾಕಿಯನ್ನು ಸೂನಿಮ್‌ಳ ನಗದಿನಿಂದ ತೀರಿಸಬಹುದಿತ್ತು, ಆದರೆ ಸಾಲದ ಲೆಕ್ಕ ಬಯಲಾದ ಮೇಲೆ ಮೇಸ್ತ್ರಿಯೇ ಅದಕ್ಕೆ ಒಪ್ಪಿರಲಿಲ್ಲ. ಚಿಕ್ಕಮ್ಮ ಬುಟ್ಟಿಗೆ ಕೈ ಹಾಕಿ, ಒಂದು ಮೊಳಕೆಯನ್ನು ಹಸಿಯಾಗಿಯೇ ಅಗಿದು, ಪೇಟೆಯದಕ್ಕಿಂತ ಇದು ಗಟ್ಟಿ, ದಿನಕ್ಕೊಂದು ಬುಟ್ಟಿ ತನ್ನಿ ಎಂದಳು. ಅಟ್ಟದ ಉಳಿದ ಗುಡಾಣಗಳೂ ಕೆಳಗಿಳಿದವು. ಬಾಕಿ ತೀರಿದ ಮೇಲೂ ಬುಟ್ಟಿ ನಿಲ್ಲಲಿಲ್ಲ. ಅದರ ಹಣವನ್ನು ಮೇಸ್ತ್ರಿ ತಿಂಗಳ ಕೊನೆಗೆ ಸೊಸೆಯ ಕೈಗೆ ಎರಡೂ ಕೈಯಿಂದ ಕೊಡುತ್ತಿದ್ದರು. ಉನ್‌ಹ್ವಾ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದಳು.

ಆದರೆ ಶನಿವಾರಗಳು ಬರುತ್ತಲೇ ಇದ್ದವು. ಏಪ್ರಿಲ್‌ನಲ್ಲಿ ಸೊಂಟ ನೋವೆಂದರು. ಮೇ ತಿಂಗಳಲ್ಲಿ ನೆಗಡಿ. ಜೂನ್‌ನಲ್ಲಿ ಊರಲ್ಲಿಲ್ಲ ಎಂದು ಹೇಳಿಸಿ, ಇಡೀ ಮಧ್ಯಾಹ್ನ ಗುಡಾಣದ ಪಕ್ಕ ಕೂತಿದ್ದರು. ಇದ್ದದ್ದನ್ನು ಇದ್ದ ಹಾಗೆ ಅವರಿಗೆ ಹೇಳಿಬಿಡಿ, ಅವರೇನು ಪರಕೀಯರೇ ಎಂದು ಸೂನಿಮ್ ಕೇಳಿದಳು. ಮೇಸ್ತ್ರಿ ಹೇಳಿದ ಮಾತನ್ನು ಅವಳು ನನಗೆ ಹಾಗೇ ಒಪ್ಪಿಸಿದಳು. "ಉಣಿಸಿ ಆದ್ಮೇಲೆ ಸಾಲ ತೋರಿಸಿದ್ರೆ, ಉಂಡ ಅನ್ನಕ್ಕೆ ಲೆಕ್ಕ ಕೇಳಿದ ಹಾಗಾಗುತ್ತೆ. ಅವರ ಹೊಟ್ಟೇಲಿರೋ ಅನ್ನ ಕಲ್ಲಾಗುತ್ತೆ ಕಣೆ. ಅದಕ್ಕಿಂತ ನಾನು ಮನೇಲಿ ಕೂತ್ಕೊಳ್ಳೋದೇ ವಾಸಿ."

ಜುಲೈಯಲ್ಲಿ ಮಳೆ ಹಿಡಿಯಿತು. ಬುಟ್ಟಿ ಕೊಟ್ಟು ಬರುವಾಗ ನೆನೆದ ಮೇಸ್ತ್ರಿಯ ಬೂಟು ಬಾಗಿಲಲ್ಲಿ ಒದ್ದೆ ಬೆಕ್ಕಿನ ಹಾಗೆ ಬಿದ್ದಿತ್ತು. ಉನ್‌ಹ್ವಾ ಒಣಗಿಸಲೆಂದು ಒಳಗಿನ ಮೆತ್ತೆಯನ್ನು ಎತ್ತಿದಳು. ಅದರಡಿಯಲ್ಲಿ ಕಾಣೆಯಾಗಿದ್ದ ಮೂರನೆಯ ಕಾರ್ಡು ಇತ್ತು.

ಅವಳು ಕಾರ್ಡನ್ನು ತೊಳೆದು ರಾತ್ರಿಯ ಊಟದ ಮಣೆಯ ಮೇಲೆ ಮಾವನ ಚಮಚದ ಪಕ್ಕ ಇಟ್ಟಳು. ಮೇಸ್ತ್ರಿ ಒಪ್ಪಿಕೊಂಡರು. ಹಿಂದಿನ ವಾರ ಬಂದರಿನಲ್ಲಿ ಗ್ವಾಂಗ್‌ಸೊಬ್ ಮತ್ತಿಬ್ಬರು ಎದುರಾಗಿದ್ದರು. ಗ್ವಾಂಗ್‌ಸೊಬ್ ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಹದಿನೇಳರ ವಯಸ್ಸಿಗೆ ಕಾರ್ಖಾನೆಗೆ ಬಂದವನು. ಅವನಿಗೆ ಗರಗಸ ಹಿಡಿಯಲು ಕಲಿಸಿದವರೂ, ಹೆಣ್ಣು ನೋಡಲು ಕರೆದುಕೊಂಡು ಹೋದವರೂ ಮೇಸ್ತ್ರಿಯೇ. ಅವರನ್ನು ಹಾಗೇ ಬೀದಿಯಲ್ಲಿ ಮಾತಾಡಿಸಿ ಕಳಿಸಲಾಗದೆ ಮೀನಿನ ಊಟಕ್ಕೆ ಕರೆದೊಯ್ದಿದ್ದರು. ಸಂಘದ ಸಾಲದಿಂದ ಬಾಕಿ ತೀರಿಸಿದ್ದರಿಂದ ಆ ಕಾರ್ಡಿನಲ್ಲಿ ಮತ್ತೆ ಜಾಗವಾಗಿತ್ತು.

ನಾಲ್ಕು ತಿಂಗಳು ಸೈಕಲ್ ತುಳಿದವನ ಸಿಟ್ಟು ಒಮ್ಮೆಲೇ ಹೊರಬಂತು. ಜೆಗ್ವಾನ್ ಹೇಳಬಾರದ್ದನ್ನು ಹೇಳಿದ.

"ನಿಮ್ಮ ಮೀನು ತಿಂದು ಹೋದ್ರಲ್ಲ ಅಪ್ಪ, ನೀವು ನಾಲ್ಕು ತಿಂಗಳು ಊಟಕ್ಕೆ ಹೋಗ್ಲಿಲ್ಲ, ಯಾಕೆ ಬರ್ಲಿಲ್ಲ ಅಂತ ಒಬ್ಬರಾದ್ರೂ ಈ ಮನೆ ಬಾಗಿಲಿಗೆ ಬಂದ್ರಾ? ಅವರಿಗೆ ಬೇಕಾಗಿದ್ದು ನೀವಲ್ಲ, ನಿಮ್ಮ ಬೂಟು."

ಸೂನಿಮ್ ಮಗನ ಹೆಸರು ಹಿಡಿದು ಒಂದೇ ಸಲ ಕರೆದಳು. ಮೇಸ್ತ್ರಿ ಎದ್ದರು, ಬಾರ್ಲಿ ಅನ್ನ ಅರ್ಧಕ್ಕೇ ಉಳಿಯಿತು. ಆದರೆ ಹೊರಗೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಕಿಮ್ಚಿಯ ಕತ್ತರಿ ತಂದು, ಕಾರ್ಡನ್ನು ಎಲ್ಲರ ಎದುರು ಕತ್ತರಿಸಿದರು. ಎರಡು ತುಂಡಾದದ್ದನ್ನು ನಾಲ್ಕು ಮಾಡಿದರು. ಆಮೇಲೆ ವಾಪಸು ತಮ್ಮ ಜಾಗದಲ್ಲಿ ಕೂತು ಉಳಿದ ಅನ್ನವನ್ನು ಒಂದು ಅಗುಳು ಬಿಡದೆ ಉಂಡರು. ಗಂಡಸು ಸಿಟ್ಟಿನಲ್ಲಿ ಊಟ ಬಿಟ್ಟೇಳುವುದನ್ನು ಎಷ್ಟೋ ನೋಡಿದ್ದೆ, ತಪ್ಪೊಪ್ಪಿಕೊಂಡು ಮತ್ತೆ ಕೂತು ಉಂಡದ್ದನ್ನು ಅವತ್ತೇ ನೋಡಿದ್ದು ಎಂದಳು ಸೂನಿಮ್. ಅದನ್ನು ಹೇಳುವಾಗ ಅವಳು ಗುಡಿಯ ಮೆಟ್ಟಿಲ ಮೇಲೆ ನಿಂತು ಕೈ ಮುಗಿದಿದ್ದಳು. ಗುಡಿ ಇನ್ನೂ ಮೇಲಿತ್ತು.

ಮಗನ ಮಾತು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಆಗಸ್ಟ್ ಕಳೆಯಿತು, ಸೆಪ್ಟೆಂಬರಿನ ಹಬ್ಬ ಕಳೆಯಿತು. ಆ ಸಲ ಒಣಮೀನಿನ ಪೆಟ್ಟಿಗೆ ಯಾರ ಮನೆಗೂ ಹೋಗಲಿಲ್ಲ, ಯಾರ ಫೋನೂ ಬರಲಿಲ್ಲ. ಮೇಸ್ತ್ರಿ ನೀರು ಸುರಿಯುವಾಗ ಕೈ ತಡೆದು ಬಾಗಿಲ ಕಡೆ ನೋಡುವುದನ್ನು ಉನ್‌ಹ್ವಾ ಕಂಡಿದ್ದಳು. ಸಾಲದಲ್ಲಿ ಅರ್ಧದ ಹತ್ತಿರ ತೀರಿತ್ತು. ಆದರೆ ಆ ಮನೆಯಲ್ಲಿ ನಗು ಬರಬೇಕಾದಷ್ಟು ಬಂದಿರಲಿಲ್ಲ.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ, ಮೇಸ್ತ್ರಿ ಬುಟ್ಟಿ ಹೊತ್ತು ಹೋಗಿದ್ದಾಗ, ಉಪ್ಪು ಸವರಿದ ಬಂಗಡೆ ಮೀನಿನ ಪೆಟ್ಟಿಗೆ ಹಿಡಿದು ಗ್ವಾಂಗ್‌ಸೊಬ್ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತ. ಐವತ್ತು ದಾಟಿದ ಗಂಡಸು ತಪ್ಪು ಮಾಡಿದ ಹುಡುಗನ ಹಾಗೆ ಟೋಪಿಯನ್ನು ಕೈಯಲ್ಲಿ ಹಿಸುಕುತ್ತಿದ್ದ. ಏಪ್ರಿಲ್‌ನಲ್ಲಿ ಮೇಸ್ತ್ರಿ ಇಲ್ಲದೆ ಎಲ್ಲರೂ ಕೂತರಂತೆ. ಬಿಲ್ಲು ಬಂದಾಗ ಪಂಕ್ತಿಯ ಮೇಲಿನ ಸ್ಥಾನ, ಮೇಸ್ತ್ರಿ ಕೂರುವ ಜಾಗ, ಖಾಲಿ, ಯಾರು ಕೈ ಚಾಚಿದರೂ ಆ ಸ್ಥಾನಕ್ಕೆ ಕೈ ಹಾಕಿದಂತೆ ಆಗುತ್ತಿತ್ತಂತೆ. ಅಲ್ಲಿಂದ ಮುಂದೆ ಯಾರೂ ಸೇರಲೇ ಇಲ್ಲ. ಮಾರ್ಚ್‌ನಲ್ಲಿ ಕಾರ್ಡು ಹೋಗದಿದ್ದದ್ದನ್ನು ಕಣ್ಣಾರೆ ಕಂಡವರು ಅವರು. ಮನೆಗೆ ಬಂದರೆ ತನ್ನ ಕಷ್ಟ ನೋಡಲು ಬಂದರು ಎಂದು ಮೇಸ್ತ್ರಿಗೆ ಅನ್ನಿಸೀತೆಂದು ಬಾಗಿಲಿಗೂ ಬರಲಾಗಲಿಲ್ಲ.

"ಬಂದರಲ್ಲಿ ಮೀನೂಟ ಆದ್ಮೇಲೆ ನಾನು ಕೊಡ್ತೀನಿ ಅಂತ ಗಲ್ಲಾಪೆಟ್ಟಿಗೆ ಹತ್ರ ಓಡಿದೆ ಅತ್ತಿಗೆ. ನನ್ನ ಕೈ ಹಿಡಿದು ತಿರುಚಿಬಿಟ್ರು. ಮೂರು ದಿನ ನೋವಿತ್ತು. ಒಂದ್ಸಲ, ಒಂದೇ ಒಂದ್ಸಲ ನಮಗೆ ಬಿಟ್ಟುಕೊಡೋಕೆ ಹೇಳಿ."

ಸೂನಿಮ್ ಮೀನಿನ ಪೆಟ್ಟಿಗೆಯನ್ನು ತೆಗೆದುಕೊಂಡಳು. ಮನೆಯ ಸಾಲದ ವಿಷಯ ಒಂದಕ್ಷರ ಆಡಲಿಲ್ಲ. "ಅವರ ಆ ಜಾರು ಬೂಟು ಮಳೇಲಿ ಕೆಟ್ಟುಹೋಯ್ತು ಕಣಪ್ಪ," ಎಂದಳು ಅಷ್ಟೇ. ಗ್ವಾಂಗ್‌ಸೊಬ್ ಅವಳ ಮುಖ ನೋಡಿದ. ಸೊಂಟ ಬಾಗಿಸಿ ನಮಸ್ಕರಿಸಿ ಹೋದ.

ರಾತ್ರಿ ಬಂಗಡೆ ಸುಟ್ಟಳು. ಬಹಳ ದಿನದ ಮೇಲೆ ಆ ಕಿಟಕಿಯಿಂದ ಹೊಗೆ ಬಂತು. ಮೀನು ಯಾರು ಕೊಟ್ಟದ್ದು, ಅವನು ಏನೇನು ಹೇಳಿದ ಎಂಬುದನ್ನು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದಳು. ಮೇಸ್ತ್ರಿ ಕೇಳುತ್ತಾ ಇದ್ದರು. ಜೆಗ್ವಾನ್ ತನ್ನ ತಟ್ಟೆಯ ದೊಡ್ಡ ತುಂಡನ್ನು ಎತ್ತಿ ಅಪ್ಪನ ಅನ್ನದ ಮೇಲಿಟ್ಟ. ಕ್ಷಮೆ ಕೇಳುವುದು ಅವರ ಮನೆಯಲ್ಲಿ ಹಾಗೆಯೇ.

ನವೆಂಬರ್ ಮೊದಲ ಶನಿವಾರದ ಹಿಂದಿನ ಸಂಜೆ ಮೇಸ್ತ್ರಿ ಹೆಂಡತಿಯನ್ನು ಕೇಳಿದರು. "ನನ್ನ ಕಾರ್ಖಾನೆ ಬೂಟು ಇದ್ಯೇನೇ?"

ಸೂನಿಮ್ ಒಂದು ಗಳಿಗೆ ಅವರನ್ನೇ ನೋಡಿದಳು. ಆ ಮಾತಿನ ತೂಕ ಅವಳಿಗೆ ಗೊತ್ತಾಯಿತು. ಶೆಡ್ಡಿನಲ್ಲಿ ಗುಡಾರ ಇದ್ದ ಜಾಗದ ಹಿಂದಿನಿಂದ ಹಳೆಯ ಬೂಟುಗಳನ್ನು ತಂದು, ಲಂಗದ ಅಂಚಿನಿಂದ ಒರೆಸಿಟ್ಟಳು. ಕಣಕಾಲಿನವರೆಗೆ ಬರುವ ದಪ್ಪ ಚರ್ಮದ ಬೂಟು, ಸಾಲು ಸಾಲು ತೂತು. ಲೇಸ್‌ಗಳು ಮುಟ್ಟಿದರೆ ಪುಡಿಯಾದವು. ಜೆಗ್ವಾನ್ ಬಾಗಿಲಲ್ಲಿ ಬಿಟ್ಟಿದ್ದ ತನ್ನ ಗೋದಾಮಿನ ಬೂಟಿನಿಂದ ಲೇಸ್‌ಗಳನ್ನು ಎಳೆದು ತೆಗೆದ. ಅಪ್ಪನ ಮುಂದೆ ಕುಕ್ಕರಿಸಿ ಕೂತು ತೂತಿನಿಂದ ತೂತಿಗೆ ಪೋಣಿಸಿದ.

"ಉದ್ದ ಆಯ್ತು ಅಪ್ಪ. ಕಟ್ಟೋಕೆ ಹೊತ್ತು ಹಿಡಿಯುತ್ತೆ."

"ಹಿಡೀಲಿ ಬಿಡೋ," ಎಂದರು ಮೇಸ್ತ್ರಿ.

ಮರುದಿನ ಹೊರಡುವಾಗ ಉನ್‌ಹ್ವಾ ಎರಡು ಹತ್ತುಸಾವಿರದ ನೋಟುಗಳನ್ನು ಮಡಿಸಿ ಮಾವನ ಜೇಬಿಗಿಟ್ಟಳು. ಇದು ನಿಮ್ಮ ಮೊಳಕೆಯ ದುಡ್ಡೇ, ಬೇಕಾದರೆ ನಿಮ್ಮ ಊಟಕ್ಕೆ ಎಂದಳು. ಮೇಸ್ತ್ರಿ ತಲೆಯಾಡಿಸಿದರು. ಓಣಿಯಲ್ಲಿ ಆ ಬೂಟುಗಳ ಸದ್ದು ಕೇಳಿ ನಾನೂ ಬಾಗಿಲಿಗೆ ಬಂದು ನೋಡಿದೆ. ದಪ್ಪ ಬೂಟಿನಲ್ಲಿ ಅವರ ನಡಿಗೆ ನಿಧಾನವಾಗಿತ್ತು, ಆದರೆ ಬೆನ್ನು ಕಾರ್ಖಾನೆಯ ದಿನಗಳಂತೆ ನೆಟ್ಟಗಿತ್ತು.

ಆಮೇಲಿನದು ಚಿಕ್ಕಮ್ಮ ಹೇಳಿದ್ದು. ಎಲ್ಲರೂ ಬಂದಿದ್ದರು. ಮೇಲಿನ ಸ್ಥಾನ ಮೇಸ್ತ್ರಿಗಾಗಿ ಖಾಲಿ ಇತ್ತು. ಕೂತರು, ಹಳೆಯ ಗರಗಸದ ಕಥೆ ಎತ್ತಿದರು, ಸೋಜು ಮದ್ಯ ಒಂದು ಸುತ್ತು ಬಂತು. ಸಾರಿನ ಬಟ್ಟಲುಗಳಲ್ಲಿ ಇದ್ದದ್ದು ಮೇಸ್ತ್ರಿ ಬೆಳೆದ ಮೊಳಕೆಯೇ. ಅದನ್ನು ಚಿಕ್ಕಮ್ಮ ಬಾಯಿ ಬಿಡಲಿಲ್ಲ, ಮೇಸ್ತ್ರಿಯೂ ಬಿಡಲಿಲ್ಲ. ಇವತ್ತು ಸಾರು ಚೆನ್ನಾಗಿದೆ ಎಂದು ಯಾರೋ ಅಂದಾಗ ಅವರು ಇನ್ನೊಂದು ಚಮಚ ಕುಡಿದರು.

ಊಟ ಮುಗಿಯಿತು. ಮೂವತ್ತು ವರ್ಷದ ಅಭ್ಯಾಸ, ಎಲ್ಲರ ಕಣ್ಣೂ ಮೇಸ್ತ್ರಿಯ ಕಡೆ ತಿರುಗಿದವು. ಮೇಸ್ತ್ರಿ ಎದ್ದು, ಕಟ್ಟೆಯ ಅಂಚಿಗೆ ಬಂದು, ಕೂತರು. ಬಲಗಾಲಿನ ಬೂಟನ್ನು ಹತ್ತಿರ ಎಳೆದು ಪಾದ ತೂರಿಸಿದರು. ಲೇಸನ್ನು ಕೆಳಗಿನ ತೂತಿನಿಂದ ಬಿಗಿಯುತ್ತಾ ಬಂದರು.  ಕತ್ತು ಕೆಂಪಾಗಿತ್ತು. ಆದರೆ ಅವರು ತಲೆ ತಗ್ಗಿಸಿ ಅಡಗಿಕೊಳ್ಳಲಿಲ್ಲ. ನೆಟ್ಟಗೆ ಕೂತು, ಎಲ್ಲರಿಗೂ ಕಾಣುವ ಹಾಗೆ, ಒಂದೊಂದೇ ಸುತ್ತು ಹಾಕಿದರು.

 ಆ ಮನುಷ್ಯ ಏನು ಮಾಡುತ್ತಿದ್ದಾನೆಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಅರ್ಥವಾಗಿತ್ತು. ಮೊದಲು ಅಲುಗಿದವನು ಗ್ವಾಂಗ್‌ಸೊಬ್. ಬೂಟಿನ ಹಿಮ್ಮಡಿ ತುಳಿದುಕೊಂಡೇ ಗಲ್ಲಾಪೆಟ್ಟಿಗೆಯ ಕಡೆ ಓಡಿದ. ಅವನ ಹಿಂದೆ ಉಳಿದವರೂ ನುಗ್ಗಿದರು. ಒಬ್ಬ ಇನ್ನೊಬ್ಬನ ತೋಳು ಹಿಡಿದ, ಇನ್ನೊಬ್ಬ ಅವನ ಪರ್ಸು ಕಸಿದ, ಯಾರ ಟೋಪಿಯೋ ಉಪ್ಪಿನಕಾಯಿಯ ಬಟ್ಟಲಿಗೆ ಬಿತ್ತು. ವಯಸ್ಸಾದ ಗಂಡಸರು ಹೀಗೆ ತಳ್ಳಾಡಿದ್ದನ್ನು ತಾನು ಕಂಡಿರಲಿಲ್ಲವೆಂದಳು ಚಿಕ್ಕಮ್ಮ. ಮೇಸ್ತ್ರಿ ತಲೆಯೆತ್ತಿ ನೋಡಲಿಲ್ಲ. ಎರಡನೆಯ ಬೂಟಿನ ಗಂಟು ಮುಗಿದಿತ್ತು. ಗಲ್ಲಾಪೆಟ್ಟಿಗೆಯ ಹತ್ತಿರ ಜಗಳ ಇನ್ನೂ ಮುಗಿದಿರಲಿಲ್ಲ. ಅವರು ಗಂಟು ಬಿಚ್ಚಿ, ಮತ್ತೆ ಮೊದಲಿನಿಂದ ಕಟ್ಟತೊಡಗಿದರು.

ಕೊನೆಗೆ ಚಿಕ್ಕಮ್ಮ ಗ್ವಾಂಗ್‌ಸೊಬ್‌ನ ಕೈಯಿಂದ ನೋಟು ತೆಗೆದುಕೊಂಡಳು. ಆ ದಿನ ಅವಳ ಯಂತ್ರ ಸರಿಯಾಗಿಯೇ ಇತ್ತು, ಆದರೂ ಅದು ಗೋಡೆಯ ಕಡೆ ತಿರುಗಿತ್ತು.

ಎಲ್ಲರೂ ಬೀದಿಗೆ ಬಂದರು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಸಾಲಾಗಿ ನಿಲ್ಲಬೇಕಾದ ಹೊತ್ತು, ಯಾರು ಎಲ್ಲಿ ನಿಲ್ಲಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೇಸ್ತ್ರಿ ಹೊಸ್ತಿಲು ದಾಟಿ ಬಂದರು. ಗ್ವಾಂಗ್‌ಸೊಬ್‌ನ ಎದುರು ನಿಂತು, ತಾವು ಗರಗಸ ಹಿಡಿಯಲು ಕಲಿಸಿದ ಆ ಹುಡುಗನಿಗೆ ತಲೆ ಬಾಗಿಸಿದರು.

"ಚೆನ್ನಾಗಿ ಉಂಡೆ ಕಣಪ್ಪ."

ಗ್ವಾಂಗ್‌ಸೊಬ್‌ಗೆ ಅದಕ್ಕೆ ಏನು ಹೇಳಬೇಕೆಂಬ ರೂಢಿಯಿರಲಿಲ್ಲ.  'ಅಷ್ಟಕ್ಕೆಲ್ಲ ಯಾಕೆ' ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ. ಗೋಡೆಯ ಕಡೆ ತಿರುಗಿ, ತೋಳಿನಿಂದ ಮುಖ ಒರೆಸಿಕೊಂಡು, ಕಡೆಗೆ ಉಳಿದರ್ಧವನ್ನು ಹೇಳಿದ.

"ದಾರಿ ನೋಡ್ಕೊಂಡು ಹೋಗಿ, ಮೇಸ್ತ್ರಿ."